ತಂತ್ರಾಂಶರಚನೆಯಲ್ಲಿ ವಿಭಾಗತತ್ತ್ವ

ಗ್ರಂಥಕರ್ತನು ತನ್ನ ಗ್ರಂಥವನ್ನು ಅಧ್ಯಾಯಗಳಾಗಿ ವಿಭಾಗಿಸುವಂತೆ, ತಂತ್ರಾಂಶವನ್ನು ರಚಿಸುವವರೂ ಅದನ್ನು ಘಟಕಗಳಾಗಿ ವಿಭಾಗಿಸುವರು. ಈ ವಿಭಾಗಕ್ಕೆ ಆಧಾರವಾದ ತತ್ತ್ವವಾವುದು? ರಚನೆಯ ಇತರ ನಿರ್ಣಯಗಳಿಗೆಲ್ಲ ಮೂಲವಾದ ಈ ಪ್ರಶ್ನೆಯ ಇತಿಹಾಸವನ್ನು ಇಲ್ಲಿ ಸಂಕ್ಷೇಪವಾಗಿ ವಿಚಾರಿಸಲಾಗುವುದು.

ಕ್ರಿ. ಶ. 1968ನೆಯ ಅಕ್ಟೋಬರ್ ತಿಂಗಳಲ್ಲಿ ಅಂದಿನ ಪಶ್ಚಿಮ ಜರ್ಮನಿಯ ಗಾರ್ಮಿಶ್ ಎಂಬ ಊರಿನಲ್ಲಿ ತಜ್ಞರ ಸಭೆಯೊಂದು ಸೇರಿತು. ದೊಡ್ಡ ತಂತ್ರಾಂಶಗಳು ಕಾಲಕ್ಕೆ ಸರಿಯಾಗಿ ಮುಗಿಯದೆ, ವೆಚ್ಚವು ಮೇರೆಮೀರಿ, ದೋಷಭರಿತವಾಗಿರುತ್ತಿದ್ದುವೆಂಬುದೇ ಆ ಸಭೆಯ ಚಿಂತೆಯಾಗಿತ್ತು. ವಿಭಾಗವು ಅವಶ್ಯಕವೆಂಬುದು ಆಗಲೇ ವಿದಿತವಾಗಿದ್ದಿತು. ಎಲ್ಲಿ ವಿಭಾಗಿಸಬೇಕೆಂಬುದು ಸ್ಪಷ್ಟವಾಗಿರಲಿಲ್ಲ. ಈ ಪ್ರಶ್ನೆಗೆ ಡೇವಿಡ್ ಪಾರ್ನಾಸರು 1972ನೆಯ ಡಿಸೆಂಬರಿನಲ್ಲಿ ಪ್ರಕಟವಾದ ಲೇಖನವೊಂದರಲ್ಲಿ ಉತ್ತರವಿತ್ತರು.

ಅವರು ಆರಿಸಿಕೊಂಡ ಉದಾಹರಣೆಯು ಸಾಹಿತ್ಯಾಧ್ಯಾಪಕರಿಗೆ ಪರಿಚಿತವಾದ ಪದಸೂಚಿಯೇ. ಪ್ರತಿಯೊಂದು ಪಂಕ್ತಿಯ ಮೊದಲ ಪದವನ್ನು ತೆಗೆದು ಕೊನೆಗೆ ಸೇರಿಸುತ್ತ ಬಂದರೆ, ಪದಗಳೆಷ್ಟೋ ಅಷ್ಟು ರೂಪಗಳಾಗುವುವು. ಅವೆಲ್ಲವನ್ನೂ ವರ್ಣಾನುಕ್ರಮದಲ್ಲಿ ಜೋಡಿಸಬೇಕು. ಈ ಕಾರ್ಯವನ್ನು ಎರಡು ಬಗೆಯಾಗಿ ವಿಭಾಗಿಸಬಹುದು. ಮೊದಲನೆಯದು ಕ್ರಿಯಾಕ್ರಮವನ್ನು ಅನುಸರಿಸಿದುದು: ಓದುವುದಕ್ಕೊಂದು ಘಟಕ, ಪದಗಳನ್ನು ಸುತ್ತಿಸುವುದಕ್ಕೊಂದು, ಜೋಡಿಸುವುದಕ್ಕೊಂದು, ಮುದ್ರಿಸುವುದಕ್ಕೊಂದು. ನೋಡುವುದಕ್ಕೆ ಇದೇ ಸಹಜವಾದುದು. ಆದರೆ ಪಂಕ್ತಿಗಳನ್ನು ಗಣಕದಲ್ಲಿ ಶೇಖರಿಸಿರುವ ರೀತಿಯನ್ನು ಘಟಕಗಳೆಲ್ಲವೂ ತಿಳಿದಿರಬೇಕಾಗುವುದು. ಆ ರೀತಿಯು ಬದಲಾದರೆ ಎಲ್ಲವನ್ನೂ ತಿದ್ದಬೇಕಾಗುವುದು. ಎರಡನೆಯ ಬಗೆಯಲ್ಲಿ, ಮುಂದೆ ಬದಲಾಗಬಹುದಾದ ನಿರ್ಣಯಗಳನ್ನು ಮೊದಲೇ ಎಣಿಸಿ, ಒಂದೊಂದನ್ನು ಒಂದೊಂದು ಘಟಕದೊಳಗೆ ಮರೆಮಾಡುವರು. ಆಗ ಶೇಖರಣೆಯ ರೀತಿಯು ಒಂದೇ ಘಟಕದ ಗುಟ್ಟು. ಉಳಿದುವು ಬೇಕಾದ ಪದವನ್ನು ಕೇಳಿ ಪಡೆಯುವುವೇ ಹೊರತು ಅದು ಇರುವ ಬಗೆಯನ್ನು ಅರಿಯವು.

ಹೀಗೆ ಕೇಳಿ ಪಡೆಯುವುದರಿಂದ ಕಾಲವ್ಯಯವಾಗುವುದಿಲ್ಲವೇ ಎಂದು ಆಕ್ಷೇಪಿಸಬಹುದು. ಪಾರ್ನಾಸರೇ ಇದನ್ನು ಎತ್ತಿ ಸಮಾಧಾನ ಹೇಳಿರುವರು: ಘಟಕಗಳ ಎಲ್ಲೆಯು ರಚಿಸುವವರಿಗೆ ಸಂಬಂಧಿಸಿದುದು, ಯಂತ್ರದಲ್ಲಿ ನಡೆಯುವ ಆದೇಶಗಳನ್ನು ಬೇಕಾದೆಡೆ ಒಂದರೊಳಗೊಂದು ಬೆಸೆಯಬಹುದು.

ವ್ಯಾಕರಣವನ್ನು ಬಲ್ಲವರಿಗೆ ಇಲ್ಲಿ ಪಾಣಿನಿಯ ಪ್ರತ್ಯಾಹಾರಗಳು ನೆನಪಾಗದಿರವು. ಸೂತ್ರದಲ್ಲಿ ‘ಅಚ್’ ಎಂದರೆ ಸಾಕು; ಸ್ವರಗಳ ಗಣನೆಯು ಶಿವಸೂತ್ರಗಳಲ್ಲಿ ಒಂದೇ ಕಡೆ ಇರುವುದು. ಆದರೆ ಅಲ್ಲಿಯ ಪ್ರಯೋಜನವು ಲಾಘವ, ಇಲ್ಲಿಯದು ಪರಿವರ್ತನೆಯ ಸೌಕರ್ಯ. ಇವೆರಡನ್ನೂ ಒಂದೆಂದು ಭಾವಿಸಲಾಗದು.

ಗೋಪನವಿಲ್ಲದುದರ ಫಲವನ್ನು ಕನ್ನಡವೂ ಅನುಭವಿಸಿದೆ. ಯೂನಿಕೋಡ್ ಬಳಕೆಗೆ ಬರುವ ಮುಂಚೆ ಅನೇಕ ಫಾಂಟುಗಳು ತಮ್ಮ ತಮ್ಮ ಸಂಕೇತಕ್ರಮಗಳನ್ನೇ ಅನುಸರಿಸುತ್ತಿದ್ದುವು. ಪಾಠದಲ್ಲಿ ವರ್ಣಗಳಿಗೆ ಬದಲಾಗಿ ಅಕ್ಷರಾಕಾರದ ತುಂಡುಗಳು ಶೇಖರವಾಗುತ್ತಿದ್ದುವು. ಫಾಂಟು ಬದಲಾದರೆ ಪಾಠವೇ ಓದಲು ಬಾರದಂತಾಗುತ್ತಿದ್ದಿತು. ಅಕಾರಾದಿಯಾಗಿ ಜೋಡಿಸುವುದಂತೂ ಕಷ್ಟಸಾಧ್ಯ. 1991ರಲ್ಲಿ ಪ್ರಕಟವಾದ ಯೂನಿಕೋಡಿನ ಮೊದಲನೆಯ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನವು ದೊರೆಯಿತು. ಈ ಕ್ರಮದಲ್ಲಿ ಪಾಠವು ವರ್ಣಗಳನ್ನೂ ಸ್ವರಚಿಹ್ನೆಗಳನ್ನೂ ಮಾತ್ರ ಬಲ್ಲುದು; ಒತ್ತಕ್ಷರದ ಆಕಾರವು ಫಾಂಟಿಗೆ ಸೇರಿದ ವಿಷಯ.

ಆದುದರಿಂದ ಪ್ರಾಚೀನಗ್ರಂಥಗಳ ಪಾಠವನ್ನು ಗಣಕಕ್ಕೆ ಏರಿಸುವವರು, ಮೊದಲು ಯಾವ ಕೆಲಸ, ಆಮೇಲೆ ಯಾವುದು ಎಂದು ಯೋಚಿಸುವುದಕ್ಕೆ ಮುಂಚೆ, ಮುಂದೆ ಬದಲಾಗುವುದು ಯಾವುದು, ಉಳಿಯಬೇಕಾದುದು ಯಾವುದು ಎಂಬುದನ್ನು ನಿರ್ಣಯಿಸಿಕೊಳ್ಳುವುದು ಯುಕ್ತ. ಯಂತ್ರಗಳು ಹಳೆಯವಾಗುವುವು, ಪಾಠವು ಅವುಗಳೊಡನೆ ನಶಿಸಬಾರದು.