ಹಂಚಿಹೋದ ಎಕ್ಸೆಲ್ ಕಡತಗಳಲ್ಲಿ ಮ್ಯಾಕ್ರೊ ದೋಷ: ತಿದ್ದುವ ವಿಧಾನಗಳು ಬೆಳೆದುಬಂದ ಬಗೆ

ಸ್ಪ್ರೆಡ್‌ಶೀಟಿನಲ್ಲಿ ಪದೇಪದೇ ಮಾಡಬೇಕಾದ ಕೆಲಸಗಳನ್ನು ಒಂದು ಗುಂಡಿ ಒತ್ತಿದೊಡನೆ ಸಾಲಾಗಿ ನಡೆಸಿಕೊಡುವ ಆದೇಶಗಳ ಸಮೂಹಕ್ಕೆ ಮ್ಯಾಕ್ರೊ ಎಂದು ಹೆಸರು. ಕಡತವು ತಯಾರಿಸಿದವರ ಕಂಪ್ಯೂಟರಿನಲ್ಲಿಯೇ ಇರುವಾಗ ಮ್ಯಾಕ್ರೊದ ದೋಷವನ್ನು ಸರಿಪಡಿಸುವುದು ಸುಲಭ. ಆದರೆ ಅದು ಪೆನ್‌ಡ್ರೈವ್, ಇ-ಮೇಲ್, ವಾಟ್ಸ್‌ಆ್ಯಪ್‌ಗಳ ಮೂಲಕ ಊರೂರು ಸೇರಿ, ಬಳಕೆದಾರರು ತಮ್ಮ ಲೆಕ್ಕಗಳನ್ನು ಅದರಲ್ಲಿ ತುಂಬಿಕೊಂಡ ಮೇಲೆ ಪ್ರತಿಯೊಂದು ಪ್ರತಿಯೂ ತಯಾರಕರ ಕೈತಪ್ಪಿ ಹೋಗುತ್ತದೆ.

ಈ ತೊಡಕಿನ ಮೂಲ ಮ್ಯಾಕ್ರೊಗಳ ರಚನೆಯಲ್ಲಿಯೇ ಇದೆ. 1983ರಲ್ಲಿ ಬಂದ ಲೋಟಸ್ 1-2-3ರಲ್ಲಿ ಮ್ಯಾಕ್ರೊ ಎಂದರೆ ಕೀಲಿಮಣೆಯ ಒತ್ತುಗಳನ್ನು ಹಾಳೆಯ ಸೆಲ್‌ಗಳಲ್ಲಿಯೇ ಬರೆದಿಡುವುದಾಗಿತ್ತು. 1993ರಲ್ಲಿ ಎಕ್ಸೆಲ್ 5.0 ಜೊತೆಗೆ ವಿಬಿಎ, ಅಂದರೆ ವಿಶುವಲ್ ಬೇಸಿಕ್ ಫಾರ್ ಅಪ್ಲಿಕೇಶನ್ಸ್ ಎಂಬ ಪೂರ್ಣ ಪ್ರಮಾಣದ ಭಾಷೆ ಬಂದರೂ ಕೋಡ್ ಮಾತ್ರ ಅದೇ ಕಡತದೊಳಗೆ ಉಳಿಯಿತು. ಹೀಗೆ ಕೋಡ್ ಮತ್ತು ದತ್ತಾಂಶ ಒಂದೇ ಕಡತದಲ್ಲಿ ಬೆರೆತದ್ದರಿಂದ, ಕಡತದ ಪ್ರತಿಯಾದಾಗಲೆಲ್ಲ ದೋಷದ ಪ್ರತಿಯೂ ಆಯಿತು.

ಮೊದಲ ಪರಿಹಾರ ಹೊಸ ಆವೃತ್ತಿಯನ್ನು ಕಳುಹಿಸಿ, ಹಳೆಯ ಹಾಳೆಯ ದತ್ತಾಂಶವನ್ನು ಅದಕ್ಕೆ ನಕಲಿಸಿಕೊಳ್ಳುವಂತೆ ಬಳಕೆದಾರರಿಗೆ ತಿಳಿಸುವುದಾಗಿತ್ತು. ನಕಲಿಸುವಾಗ ಸಾಲು-ಕಂಬಗಳು ಪಲ್ಲಟವಾಗಿ ಹೊಸ ತಪ್ಪುಗಳು ಸೇರುವುದು ಇದರ ದೌರ್ಬಲ್ಯ. ಎಕ್ಸೆಲ್ 97ರಿಂದ ಎರಡನೆಯ ದಾರಿ ತೆರೆಯಿತು: ಒಂದು ಕಡತದ ಮ್ಯಾಕ್ರೊ ಇನ್ನೊಂದು ಕಡತವನ್ನು ತೆರೆದು, ಅದರ ದೋಷಯುಕ್ತ ಮಾಡ್ಯೂಲನ್ನು ತೆಗೆದುಹಾಕಿ ಸರಿಯಾದುದನ್ನು ಸೇರಿಸಬಹುದಾಯಿತು. ಆದರೆ ಕೋಡಿಗೆ ಪಾಸ್‌ವರ್ಡ್ ಹಾಕಿದ್ದರೆ ಈ ದುರಸ್ತಿ ಸಾಗುವುದಿಲ್ಲ, ಮುಂದಿನ ಆವೃತ್ತಿಗಳಲ್ಲಂತೂ ಬಳಕೆದಾರರೇ ಭದ್ರತಾ ಸೆಟ್ಟಿಂಗಿನಲ್ಲಿ ಇದಕ್ಕೆ ಅನುಮತಿ ಕೊಡಬೇಕು. ಮೂರನೆಯದು ಆಡ್-ಇನ್, ಇದರಲ್ಲಿ ಕೋಡ್ ಪ್ರತ್ಯೇಕ ಕಡತದಲ್ಲಿದ್ದು, ಲೆಕ್ಕದ ಹಾಳೆಗಳು ಅದನ್ನು ಬಳಸಿಕೊಳ್ಳುವುದರಿಂದ ಆ ಒಂದನ್ನು ಬದಲಿಸಿದರೆ ಸಾಕಾಗುತ್ತದೆ.

ಇದರ ನಡುವೆಯೇ ಮ್ಯಾಕ್ರೊ ವೈರಸ್‌ಗಳ ಹಾವಳಿ ದುರಸ್ತಿಯ ದಾರಿಯನ್ನು ಕಿರಿದುಗೊಳಿಸಿತು. 1999ರ ಮೆಲಿಸ್ಸಾ ವರ್ಡ್ ಕಡತಗಳ ಮೂಲಕ ಇ-ಮೇಲ್‌ಗಳಲ್ಲಿ ಹರಡಿತು. ಎಕ್ಸೆಲ್ 2007ರಲ್ಲಿ ಮ್ಯಾಕ್ರೊ ಇರುವ ಕಡತಗಳಿಗೆ ಎಕ್ಸ್‌ಎಲ್‌ಎಸ್‌ಎಂ ಎಂಬ ಬೇರೆಯೇ ವಿಸ್ತರಣೆ ಬಂತು. 2022ರಲ್ಲಿ ಮೈಕ್ರೋಸಾಫ್ಟ್ ಅಂತರ್ಜಾಲದಿಂದ ಬಂದ ಕಡತಗಳ ಮ್ಯಾಕ್ರೊಗಳನ್ನು ತಾನಾಗಿಯೇ ತಡೆಯತೊಡಗಿತು. ಹೀಗಾಗಿ ದೋಷ ತಿದ್ದಿ ಇ-ಮೇಲ್‌ನಲ್ಲಿ ಕಳುಹಿಸಿದ ಕಡತವೂ ಬಳಕೆದಾರರ ಕಂಪ್ಯೂಟರಿನಲ್ಲಿ ನಿಷ್ಕ್ರಿಯವಾಗಿ ಕೂರುವ ಸಂದರ್ಭಗಳು ಹೆಚ್ಚಿದವು.

ಭಾರತದಲ್ಲಿ ಈ ಸಮಸ್ಯೆಯನ್ನು ದೊಡ್ಡ ಪ್ರಮಾಣದಲ್ಲಿ ಎದುರಿಸಿದವು ತೆರಿಗೆ ವ್ಯವಸ್ಥೆಗಳು. ಆದಾಯ ತೆರಿಗೆ ಇಲಾಖೆಯ ಎಕ್ಸೆಲ್ ಯುಟಿಲಿಟಿಗಳೂ, 2017ರ ಜುಲೈ 1ರಂದು ಜಿಎಸ್‌ಟಿ ಜಾರಿಯಾದ ಮೇಲೆ ಬಂದ ಜಿಎಸ್‌ಟಿಆರ್-3ಬಿ ರಿಟರ್ನಿನ ಆಫ್‌ಲೈನ್ ಯುಟಿಲಿಟಿಯೂ ಮ್ಯಾಕ್ರೊ ಆಧಾರಿತವಾದವು. ಇವುಗಳಲ್ಲಿ ಆವೃತ್ತಿ ಸಂಖ್ಯೆ ಕಡ್ಡಾಯವಾಗಿರುತ್ತದೆ. ಹಾಳೆಯಲ್ಲಿ ತುಂಬಿದ ವಿವರಗಳು ಜೇಸನ್ ಎಂಬ ಸರಳ ಪಠ್ಯರೂಪದ ಕಡತವಾಗಿ ಪೋರ್ಟಲ್ ಸೇರುತ್ತವೆ. ಅಲ್ಲಿ ಮತ್ತೊಮ್ಮೆ ತಪಾಸಣೆ ನಡೆಯುತ್ತದೆ. ಅಂತಿಮ ಪರಿಶೀಲನೆ ಸರ್ವರಿನಲ್ಲಿ ಇರುವುದರಿಂದ ಹಳೆಯ ಪ್ರತಿಯ ತಪ್ಪುಗಳಲ್ಲಿ ಹಲವು ಅಲ್ಲಿಯೇ ಸಿಕ್ಕಿಬೀಳುತ್ತವೆ.

ಖಾಸಗಿಯಾಗಿ ಮಾಡಿಸಿಕೊಂಡ ಬಿಲ್ಲಿಂಗ್ ಹಾಳೆಗಳಿಗೆ ಅಂತಹ ಕಾವಲಿಲ್ಲ. ಬೆಂಗಳೂರು–ಪುಣೆ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಮಹಾರಾಷ್ಟ್ರದ ಗಡಿಗೆ ತಾಗಿರುವ ನಿಪ್ಪಾಣಿ ತಾಲ್ಲೂಕಿನ ಕೊಗನೊಳ್ಳಿಯಂತಹ ಊರಿನ ವ್ಯಾಪಾರ ಇದಕ್ಕೆ ಒಳ್ಳೆಯ ನಿದರ್ಶನ. ಇಲ್ಲಿಂದ ನಿಪ್ಪಾಣಿಗೆ ಮಾರಿದ ಸರಕಿಗೆ ಕೇಂದ್ರ ಮತ್ತು ರಾಜ್ಯ ಜಿಎಸ್‌ಟಿ ಬೀಳುತ್ತದೆ, ಗಡಿಯಾಚೆ ಮಹಾರಾಷ್ಟ್ರದಲ್ಲಿರುವ ಪಕ್ಕದ ಕಾಗಲಿಗೆ ಮಾರಿದರೆ ಅಂತರರಾಜ್ಯ ಮಾರಾಟದ ಐಜಿಎಸ್‌ಟಿ. ಖರೀದಿದಾರರ ಜಿಎಸ್‌ಟಿ ಸಂಖ್ಯೆಯ ಮೊದಲ ಎರಡು ಅಂಕಿಗಳು 29 ಆದರೆ ಕರ್ನಾಟಕ, 27 ಆದರೆ ಮಹಾರಾಷ್ಟ್ರ. ಮ್ಯಾಕ್ರೊ ಬರೆದವರು ಎಲ್ಲ ಗಿರಾಕಿಗಳೂ 29ರವರೇ ಎಂದು ಭಾವಿಸಿದ್ದರೆ ಗಡಿಯಾಚೆಯ ಪ್ರತಿಯೊಂದು ಬಿಲ್ಲೂ ತಪ್ಪಾಗುತ್ತದೆ. 2025ರ ಸೆಪ್ಟೆಂಬರ್ 22ರಂದು ಶೇ 12 ಮತ್ತು ಶೇ 28ರ ದರಗಳಲ್ಲಿದ್ದ ಬಹುಪಾಲು ಸರಕುಗಳು ಬೇರೆ ದರಗಳಿಗೆ ಸರಿದಾಗ ಇಂತಹದೇ ಇನ್ನೊಂದು ಪರೀಕ್ಷೆ ಎದುರಾಯಿತು. ನಿಪ್ಪಾಣಿ ಭಾಗದ ಮುಖ್ಯ ಸರಕುಗಳಾದ ಬೀಡಿ, ತಂಬಾಕು ಪದಾರ್ಥಗಳಿಗೆ ಮಾತ್ರ ಅಂದು ಹಳೆಯ ದರವೇ ಮುಂದುವರಿಯಿತು. ದರವನ್ನು ಕೋಡಿನೊಳಗೇ ಬರೆದಿದ್ದರೆ ಹಂಚಿದ ಎಲ್ಲ ಪ್ರತಿಗಳ ಕೋಡನ್ನೂ ತಿದ್ದಬೇಕು. ಸರಕು, ದರ, ಜಾರಿಯ ದಿನಾಂಕ ಎಂಬ ಮೂರು ಕಂಬಗಳ ಕೋಷ್ಟಕದಲ್ಲಿ ಇಟ್ಟು ಮ್ಯಾಕ್ರೊ ಅದನ್ನು ಓದುವಂತೆ ಮಾಡಿದ್ದರೆ ಬಳಕೆದಾರರೇ ಒಂದು ಸಾಲು ಸೇರಿಸಿಕೊಳ್ಳಬಹುದು, ಹಳೆಯ ದಿನಾಂಕದ ಬಿಲ್ಲುಗಳೂ ಕೆಡುವುದಿಲ್ಲ.

ಕನ್ನಡ ಬಳಸುವವರಿಗೆ ಇನ್ನೊಂದು ಅಡಚಣೆಯೂ ಇದೆ. ಎಕ್ಸೆಲ್‌ನ ಸೆಲ್‌ಗಳು ಯುನಿಕೋಡ್ ಕನ್ನಡವನ್ನು ಸರಿಯಾಗಿ ತೋರಿಸುತ್ತವೆಯಾದರೂ ವಿಬಿಎ ಸಂಪಾದಕದಲ್ಲಿ ಟೈಪ್ ಮಾಡಿದ ಕನ್ನಡ ಅಕ್ಷರಗಳು ಪ್ರಶ್ನಾರ್ಥಕ ಚಿಹ್ನೆಗಳಾಗುತ್ತವೆ; ‘ಕ’ ಅಕ್ಷರಕ್ಕೆ 3221 ಎಂಬ ಅದರ ಯುನಿಕೋಡ್ ಸಂಖ್ಯೆಯನ್ನು ಕೊಡಬೇಕಾಗುತ್ತದೆ. ಕನ್ನಡದ ಮತ್ತು ನಿಪ್ಪಾಣಿ ಭಾಗದಲ್ಲಿ ಬೇಕಾಗುವ ಮರಾಠಿಯ ಶೀರ್ಷಿಕೆಗಳನ್ನು ಒಂದು ಹಾಳೆಯಲ್ಲಿ ಪಟ್ಟಿ ಮಾಡಿ, ಅಲ್ಲಿಂದಲೇ ಓದಿಸುವುದು ಮೇಲಾದ ಕ್ರಮ.

ಆನ್‌ಲೈನ್ ಹಾಳೆಗಳಿಗೆ ಹೋದರೂ ಸಮಸ್ಯೆ ತಾನಾಗಿ ಮಾಯವಾಗುವುದಿಲ್ಲ. ಗೂಗಲ್ ಶೀಟ್ಸ್‌ನಲ್ಲಿ ಕಡತದ ಪ್ರತಿ ಮಾಡಿದರೆ ಅದಕ್ಕೆ ಅಂಟಿದ ಸ್ಕ್ರಿಪ್ಟೂ ಪ್ರತಿಯಾಗುತ್ತದೆ. ಒಟ್ಟಿನಲ್ಲಿ ಈ ಕ್ಷೇತ್ರದ ಅನುಭವ ತಿಳಿಸುವುದು ಇಷ್ಟು: ಹಂಚಿದ ಮೇಲೆ ತಿದ್ದುವ ಜಾಣತನಕ್ಕಿಂತ, ಕೋಡ್, ದತ್ತಾಂಶ, ದರಗಳನ್ನು ಬೇರೆಬೇರೆಯಾಗಿಟ್ಟು, ಆವೃತ್ತಿ ಸಂಖ್ಯೆಯನ್ನು ಮೊದಲ ಹಾಳೆಯಲ್ಲಿಯೇ ನಮೂದಿಸಿ ಹಂಚುವ ಮುನ್ನೆಚ್ಚರಿಕೆಯೇ ಹೆಚ್ಚು ಫಲಕಾರಿ.