ಟ್ರಿಪನೊಸೋಮದ ಕೋಶಮೇಲ್ಮೈ ಮತ್ತು ಯುಬಿಕ್ವಿಟಿನ್

ಯುಬಿಕ್ವಿಟಿನ್ ಎಂಬುದು 76 ಅಮೈನೊ ಆಮ್ಲಗಳ ಪುಟ್ಟ ಪ್ರೋಟೀನು. ಕೋಶವು ಇದನ್ನು ಇತರ ಪ್ರೋಟೀನುಗಳಿಗೆ ಗುರುತುಚೀಟಿಯಂತೆ ಅಂಟಿಸಿ ಅವುಗಳ ನೆಲೆಯನ್ನೂ ಆಯಸ್ಸನ್ನೂ ನಿರ್ಧರಿಸುತ್ತದೆ. ಆಫ್ರಿಕದ ನಿದ್ರಾರೋಗಕ್ಕೆ ಕಾರಣವಾಗಿ, ತ್ಸೆತ್ಸೆ ನೊಣದ ಮೂಲಕ ಹರಡುವ ಟ್ರಿಪನೊಸೋಮ ಬ್ರೂಸಿಯೈ ಎಂಬ ಏಕಕೋಶ ಪರೋಪಜೀವಿಯಲ್ಲಿ ಈ ಕ್ರಿಯೆಗೆ ವಿಶೇಷ ಮಹತ್ವವಿದೆ. ರಕ್ತದಲ್ಲಿರುವಾಗ ಇದರ ಮೈಯನ್ನು ಸುಮಾರು ಒಂದು ಕೋಟಿ ಅಣುಗಳ, ಆಗಾಗ ರೂಪ ಬದಲಿಸುವ ಗ್ಲೈಕೊಪ್ರೋಟೀನಿನ ಹೊದಿಕೆ ಆವರಿಸಿರುತ್ತದೆ. ಕೊಬ್ಬಿನ ಕೊಂಡಿಯಿಂದ ಪೊರೆಗೆ ಅಂಟಿಕೊಂಡ ಈ ಅಣುಗಳು ಒಳಹೋದರೂ ಬಹುಪಾಲು ಮರಳಿ ಮೇಲ್ಮೈಗೆ ಬರುತ್ತವೆ. ಆದರೆ ಹೊದಿಕೆಯ ನಡುವೆ ಹುದುಗಿದ್ದು ಪೊರೆಯನ್ನು ಹಾಯ್ದು ನಿಂತ ಐಎಸ್‌ಜಿ65, ಐಎಸ್‌ಜಿ75 ಎಂಬ ಸ್ಥಿರರೂಪದ ಪ್ರೋಟೀನುಗಳ ಒಳಬಾಲದ ಲೈಸೀನ್ ಘಟಕಗಳಿಗೆ ಯುಬಿಕ್ವಿಟಿನ್ ಅಂಟುವುದರಿಂದ, ಅವು ಕಶಾಂಗದ ಬುಡದಲ್ಲಿರುವ ಚೀಲದಂಥ ಕುಳಿಯ ಮೂಲಕ ಒಳಸೇರಿ, ಕೋಶದ ಜೀರ್ಣಾಂಗವಾದ ಲೈಸೋಸೋಮಿನಲ್ಲಿ ವಿಘಟನೆಗೊಳ್ಳುತ್ತವೆ. ಯುಬಿಕ್ವಿಟಿನನ್ನು ಕಳಚುವ ಯುಎಸ್‌ಪಿ7, ವಿಡಿಯು1 ಎಂಬ ಕಿಣ್ವಗಳು ಕುಂದಿದಾಗ ಮೇಲ್ಮೈಯಲ್ಲಿ ಈ ಪ್ರೋಟೀನುಗಳ ಪ್ರಮಾಣ ಇಳಿಯುತ್ತದೆ. 1920ರ ದಶಕದಿಂದ ಬಳಕೆಯಲ್ಲಿರುವ ಸುರಾಮಿನ್ ಔಷಧ ಪರೋಪಜೀವಿಯೊಳಗೆ ಸೇರಲು ಐಎಸ್‌ಜಿ75 ನೆರವಾಗುವುದರಿಂದ, ಯುಎಸ್‌ಪಿ7 ಕುಂದಿದ ಟ್ರಿಪನೊಸೋಮಗಳು ಈ ಔಷಧಕ್ಕೆ ನಿರೋಧ ತೋರುತ್ತವೆ.