ಮಣ್ಣಿನ ಮಹಾಗೃಹಗಳೂ ಸಮುದಾಯದ ಹೊಣೆಯೂ

ಅನ್ನ, ವಸ್ತ್ರಗಳ ಅನಂತರ ಮಾನವನಿಗೆ ಬೇಕಾದುದು ವಸತಿ. ಅದಕ್ಕಾಗಿ ಅವನು ಕಲ್ಲು, ಮರ, ಇಟ್ಟಿಗೆಗಳನ್ನು ಬಳಸಿದಂತೆಯೇ ಕಾಲಡಿಯ ಮಣ್ಣನ್ನೂ ಬಳಸಿದ್ದಾನೆ. ಆದರೆ ಮಣ್ಣಿನ ಮನೆಯೆಂದೊಡನೆ ನಾಲ್ಕು ಮಳೆಗಾಲಗಳಲ್ಲಿ ಕರಗಿಹೋಗುವ ಗುಡಿಸಲಿನ ಚಿತ್ರವೇ ಅನೇಕರ ಮನಸ್ಸಿನಲ್ಲಿ ಮೂಡುತ್ತದೆ. ಈ ಭಾವನೆ ಎಷ್ಟು ಅಪೂರ್ಣವಾದುದೆಂಬುದಕ್ಕೆ ಚೀನಾ ದೇಶದ ಫುಜಿಯಾನ್ ಪ್ರಾಂತದ ‘ತುಲೋ’ ಎಂಬ ಕಟ್ಟಡಗಳು ನಿದರ್ಶನವಾಗಿವೆ. ಅವುಗಳ ಇತಿಹಾಸ ಕೇವಲ ವಾಸ್ತುವಿನ ಇತಿಹಾಸವಲ್ಲ; ಒಂದು ಸಮುದಾಯ ಕೂಡಿ ಕಟ್ಟಿದುದನ್ನು ಕೂಡಿಯೇ ಕಾಪಾಡಿಕೊಂಡ ಬಗೆಯ ಇತಿಹಾಸವೂ ಹೌದು.

ಚೀನೀ ಭಾಷೆಯಲ್ಲಿ ‘ತು’ ಎಂದರೆ ಮಣ್ಣು, ‘ಲೋ’ ಎಂದರೆ ಮಹಡಿಯ ಕಟ್ಟಡ. ಫುಜಿಯಾನಿನ ನೈಋತ್ಯದ ಬೆಟ್ಟಗಾಡಿನಲ್ಲಿ, ಮಳೆ ಧಾರಾಳವಾಗಿ ಸುರಿಯುವ ಕಣಿವೆಗಳಲ್ಲಿ, ಇಂತಹ ಕಟ್ಟಡಗಳು ಹರಡಿಕೊಂಡಿವೆ. ಉತ್ತರದಿಂದ ಶತಮಾನಗಳ ಕಾಲ ವಲಸೆ ಬಂದ ಹಕ್ಕಾ ಜನರು ಇವುಗಳ ನಿರ್ಮಾತೃಗಳಲ್ಲಿ ಪ್ರಮುಖರು. ‘ಹಕ್ಕಾ’ ಎಂಬ ಮಾತಿಗೆ ‘ಅತಿಥಿ ಕುಟುಂಬಗಳು’ ಎಂಬ ಅರ್ಥವಿದೆ. ನೆರೆಯ ದಕ್ಷಿಣ ಫುಜಿಯಾನಿನ ಜನರೂ ಇಂತಹ ಮನೆಗಳನ್ನು ಕಟ್ಟಿದ್ದಾರೆ. 15ನೆಯ ಶತಮಾನದಿಂದ 20ನೆಯ ಶತಮಾನದವರೆಗೆ ನಿರ್ಮಾಣಗೊಂಡ 46 ಕಟ್ಟಡಗಳನ್ನು ಯುನೆಸ್ಕೋ ಸಂಸ್ಥೆಯು 2008ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಇವುಗಳ ನಿರ್ಮಾಣಕ್ರಮ ಗಮನಾರ್ಹವಾದುದು. ಮೊದಲು ನದಿಯ ಗುಂಡುಕಲ್ಲುಗಳಿಂದ ತಳಪಾಯ ಹಾಕಿ, ನೆಲದ ನೀರು ಮಣ್ಣಿಗೆ ತಾಗದಷ್ಟು ಎತ್ತರಕ್ಕೆ ಕಲ್ಲಿನ ಪೀಠವನ್ನು ಎಬ್ಬಿಸುತ್ತಿದ್ದರು. ಜೇಡಿಮಣ್ಣಿಗೆ ಮರಳುಮಣ್ಣನ್ನು, ಕೆಲವೊಮ್ಮೆ ಸುಣ್ಣವನ್ನು, ಬೆರೆಸಿ ಹದಗೊಳಿಸುತ್ತಿದ್ದರು. ಮಣ್ಣು ಹಿಡಿಯಲ್ಲಿ ಅದುಮಿದರೆ ಉಂಡೆಯಾಗಬೇಕು. ಆದರೆ ಕೈಗೆ ಕೆಸರು ಅಂಟಬಾರದು. ಈ ಮಣ್ಣನ್ನು ಎರಡು ಹಲಗೆಗಳ ನಡುವೆ ತೆಳುವಾದ ಪದರಗಳಾಗಿ ಸುರಿದು, ಮರದ ದಿಮ್ಮಸುಗಳಿಂದ ಕುಟ್ಟಿ ಗಟ್ಟಿಗೊಳಿಸಿ, ಹಲಗೆಗಳನ್ನು ಮುಂದಕ್ಕೆ ಸರಿಸುತ್ತಿದ್ದರು. ಗೋಡೆ ಸೀಳದಿರಲೆಂದು ಪದರಗಳ ನಡುವೆ ಬಿದಿರಿನ ಸೀಳುಗಳನ್ನು ಅಡ್ಡಲಾಗಿ ಇಡುವುದಿತ್ತು. ಬುಡದಲ್ಲಿ ಒಂದು ಮೀಟರಿಗೂ ಮಿಗಿಲಾದ ದಪ್ಪವಿರುವ ಗೋಡೆ ಮೇಲೇರಿದಂತೆ ಕಿರಿದಾಗುತ್ತದೆ. ಕುಟ್ಟಿದ ಮಣ್ಣು ಒಣಗಲು ಕಾಲಾವಕಾಶ ಬೇಕು. ಆದ್ದರಿಂದ ದೊಡ್ಡ ಕಟ್ಟಡವೊಂದು ಮುಗಿಯಲು ಹಲವು ವರ್ಷಗಳೇ ಹಿಡಿಯುತ್ತಿದ್ದವು. ಕೊನೆಯಲ್ಲಿ ಗೋಡೆಯಿಂದ ಬಹುದೂರ ಚಾಚುವ ಹೆಂಚಿನ ಸೂರು, ಮಳೆಯ ನೀರು ಮಣ್ಣಿಗೆ ಬಡಿಯದಂತೆ ಕಾಯುತ್ತದೆ.

ಈ ಗೋಡೆಯಲ್ಲಿ ಇಟ್ಟಿಗೆಯನ್ನು ಸುಡುವ ಗೂಡಿಲ್ಲ. ಅದಕ್ಕಾಗಿ ಕಡಿಯಬೇಕಾದ ಸೌದೆಯೂ ಇಲ್ಲ. ಕಸಕಡ್ಡಿ ಬೆರೆತ ಮೇಲ್ಮಣ್ಣು ಇಂತಹ ಗೋಡೆಗೆ ಒಗ್ಗದಾದ್ದರಿಂದ ಬೆಳೆ ಬೆಳೆಯುವ ಆ ಪದರ ಬೇಸಾಯಕ್ಕೇ ಉಳಿಯುತ್ತದೆ. ಸುಣ್ಣ ಬೆರೆಸದ ಗೋಡೆ ಎಂದಾದರೂ ಬಿದ್ದರೆ, ಮಣ್ಣು ಮರಳಿ ಮಣ್ಣೇ ಆಗುತ್ತದೆ.

ಗೋಡೆಯ ಒಳಗಿನ ವ್ಯವಸ್ಥೆ ಇನ್ನೂ ವಿಚಾರಾರ್ಹ. ಯೊಂಗ್‌ದಿಂಗ್ ಪ್ರದೇಶದಲ್ಲಿ ಜಿಯಾಂಗ್ ವಂಶದವರ ಚೆಂಗ್‌ಚಿಲೋ ಎಂಬ ದುಂಡನೆಯ ಮಹಾಗೃಹವಿದೆ. 1709ರಲ್ಲಿ ಪೂರ್ಣಗೊಂಡ ಈ ಕಟ್ಟಡ ಒಂದರೊಳಗೊಂದು ಸೇರಿದ ಬಳೆಗಳಂತಿದ್ದು, ಹೊರಬಳೆಗೆ ನಾಲ್ಕು ಅಂತಸ್ತುಗಳಿವೆ. ಒಟ್ಟು ಸುಮಾರು 400 ಕೊಠಡಿಗಳು. ನಟ್ಟನಡುವೆ ಎಲ್ಲರಿಗೂ ಸೇರಿದ ಪೂರ್ವಿಕರ ಪೂಜಾಮಂಟಪ. ಇಂತಹ ದುಂಡು ಮನೆಗಳಲ್ಲಿ ಪಾಲು ಹಂಚುವುದು ಅಂತಸ್ತಿನ ಲೆಕ್ಕದಲ್ಲಲ್ಲ. ಒಂದು ಕುಟುಂಬಕ್ಕೆ ಕೆಳಗೆ ಅಡುಗೆಮನೆ, ಅದರ ಮೇಲೆ ಧಾನ್ಯದ ಕಣಜ, ಅದಕ್ಕೂ ಮೇಲೆ ಮಲಗುವ ಕೋಣೆಗಳು, ಹೀಗೆ ನೆಲದಿಂದ ಸೂರಿನವರೆಗಿನ ಒಂದು ಪಾಲು ಸಲ್ಲುತ್ತದೆ. ಹೊರಬಳೆಯ ಕೊಠಡಿಗಳು ಹೆಚ್ಚುಕಡಿಮೆ ಒಂದೇ ಅಳತೆಯವು. ಬಾವಿ, ಅಂಗಳ, ಹೆಬ್ಬಾಗಿಲುಗಳು ಎಲ್ಲರವು. ಒಬ್ಬನ ಪಾಲಿನ ಹೆಂಚು ಜಾರಿದರೆ ತೋಯುವುದು ಎಲ್ಲರ ಗೋಡೆ. ಆದುದರಿಂದ ದುರಸ್ತಿ ಇಲ್ಲಿ ಔದಾರ್ಯದ ಮಾತಲ್ಲ, ಸಹಜೀವನದ ಅನಿವಾರ್ಯ ನಿಯಮ.

ಆದರೆ ಈ ಚಿತ್ರದ ಇನ್ನೊಂದು ಮುಖವನ್ನು ಮರೆಮಾಚಬಾರದು. ಕೆಳ ಅಂತಸ್ತುಗಳಿಗೆ ಹೊರಗಿಟಕಿಗಳಿಲ್ಲ. ಒಳಬರಲು ಸಾಮಾನ್ಯವಾಗಿ ಒಂದೇ ಹೆಬ್ಬಾಗಿಲು. ಡಕಾಯಿತರ ಹಾವಳಿ, ವಂಶವಂಶಗಳ ನಡುವಿನ ಕಲಹ ಇವುಗಳಿಂದ ಹುಟ್ಟಿದ ಭಯವೇ ಈ ರೂಪಕ್ಕೆ ಕಾರಣ. ಒಳಗಿನವರಿಗೆ ಸಮಾನತೆಯನ್ನು ನೀಡಿದ ಗೋಡೆಯೇ ಹೊರಗಿನವರನ್ನು ಶಂಕೆಯಿಂದ ಕಂಡಿತು. ಹಿಂದಿನವರ ಕೌಶಲವನ್ನು ಗೌರವಿಸುವಾಗ ಅವರ ಭಯಗಳನ್ನೂ ಆದರ್ಶವೆಂದು ಸ್ವೀಕರಿಸಬೇಕಾಗಿಲ್ಲ.

20ನೆಯ ಶತಮಾನದ ಕೊನೆಯ ದಶಕಗಳಲ್ಲಿ ಯುವಜನರು ನಗರಗಳಿಗೆ ತೆರಳಿದರು. ಊರಿನಲ್ಲಿ ಉಳಿದವರಲ್ಲಿ ಅನೇಕರು ಕಾಂಕ್ರೀಟಿನ ಮನೆಗಳನ್ನು ಕಟ್ಟಿಕೊಂಡರು. ಅವರನ್ನು ದೂಷಿಸುವುದು ನ್ಯಾಯವಲ್ಲ. ಕತ್ತಲೆಯ ಕೋಣೆ, ಸಾಮೂಹಿಕ ಅಂಗಳದ ಗದ್ದಲ, ಶೌಚಾಲಯದ ಕೊರತೆ ಇವು ನಿಜವಾದ ಕಷ್ಟಗಳೇ. ಆದರೆ ವಾಸಿಸುವವರಿಲ್ಲದ ಮನೆಯಲ್ಲಿ ಜಾರಿದ ಹೆಂಚನ್ನು ಸರಿಪಡಿಸುವವರಿಲ್ಲ. ಆ ಸಂದಿನಿಂದ ನೀರು ಇಳಿದು ಮೊದಲು ತೊಲೆ ಕೊಳೆಯುತ್ತದೆ, ಬಳಿಕ ಗೋಡೆಯ ನೆತ್ತಿ ನೆನೆಯುತ್ತದೆ. ಶತಮಾನಗಳ ಮಳೆಗಾಳಿಗೆ ಬಗ್ಗದ ಗೋಡೆ ಕೆಲವೇ ವರ್ಷಗಳ ಅಲಕ್ಷ್ಯಕ್ಕೆ ಕುಸಿಯಬಹುದು. ವಿಶ್ವ ಪರಂಪರೆಯ ಮನ್ನಣೆ ಪಡೆದ ಕೆಲವಕ್ಕೆ ಪ್ರವಾಸಿಗರ ಹಣ ದೊರೆತಿದೆ. ಪಟ್ಟಿಯ ಹೊರಗೆ ಉಳಿದಿರುವ ಬಹುಸಂಖ್ಯೆಯ ಕಟ್ಟಡಗಳಿಗೆ ಆ ಆಸರೆಯಿಲ್ಲ.

ಇಂದು ಜಗತ್ತಿನ ಇಂಗಾಲದ ಡೈ ಆಕ್ಸೈಡ್ ಹೊರಸೂಸುವಿಕೆಯಲ್ಲಿ ಸುಮಾರು ಶೇಕಡಾ 7ರಿಂದ 8ರಷ್ಟು ಪಾಲು ಸಿಮೆಂಟಿನದು. ಆದ್ದರಿಂದ ಮಣ್ಣಿನ ಗೋಡೆಯ ಕಡೆಗೆ ಮತ್ತೆ ದೃಷ್ಟಿ ಹೊರಳಿದೆ. ಇದು ಸ್ವಾಗತಾರ್ಹವೇ. ಆದರೆ ಸಾಮಗ್ರಿಯೊಂದನ್ನು ಬದಲಿಸಿದ ಮಾತ್ರಕ್ಕೆ ಕಟ್ಟಡ ಬಾಳುವುದಿಲ್ಲ. ಹಳೆಯ ಮಣ್ಣಿನ ಗೋಡೆಗೆ ಭದ್ರತೆಗೆಂದು ಸಿಮೆಂಟಿನ ಗಾರೆ ಮೆತ್ತಿದರೆ ಒಳಗಿನ ತೇವ ಹೊರಬರಲಾರದೆ ಗೋಡೆ ಒಳಗೊಳಗೇ ಸಡಿಲವಾಗುತ್ತದೆ. ಒಮ್ಮೆ ಖರ್ಚು ಮಾಡಿ ಮುಂದೆ ನೋಡದಿರುವ ಬಯಕೆಗೆ ಮಣ್ಣು ಒಪ್ಪುವುದಿಲ್ಲ.

ಸಮುದಾಯದ ಕಟ್ಟಡಗಳ ಹೊಣೆ ಹೊತ್ತವರು ಈ ಇತಿಹಾಸದಿಂದ ಗ್ರಹಿಸಬೇಕಾದುದು ಇದನ್ನೇ. ಹೊಸ ನಿರ್ಮಾಣಕ್ಕೆ ದಾನಿಗಳು ಮುಂದೆ ಬರುತ್ತಾರೆ. ಅವರ ಹೆಸರು ಕಲ್ಲಿನಲ್ಲಿ ಉಳಿಯುತ್ತದೆ. ಮಳೆಗಾಲಕ್ಕೆ ಮೊದಲು ಮಾಡು ಏರಿ ಒಡೆದ ಹೆಂಚನ್ನು ಬದಲಿಸಿದವನ ಹೆಸರನ್ನು ಯಾರೂ ಕೆತ್ತಿಸುವುದಿಲ್ಲ. ಆದರೂ ಕಟ್ಟಡ ನಿಂತಿರುವುದು ಇಬ್ಬರಿಂದಲೂ. ಪ್ರತಿವರ್ಷದ ಆಯವ್ಯಯದಲ್ಲಿ ಈ ಎರಡನೆಯವನ ಕೆಲಸಕ್ಕೂ ಒಂದು ಪಾಲನ್ನು ತೆಗೆದಿರಿಸುವುದು ವಿವೇಕದ ಲಕ್ಷಣ.